ಶೆಡ್ಡಿನ ಗೋಡೆ ಒದ್ದೆಯೇ? ಪೇಂಟ್ ಡಬ್ಬಿ ತರುವ ಮೊದಲು ಗೋಡೆಯ ಹಿಂದೆ ಹೋಗಿ ನೋಡಿ

ಮಳೆ ಬಿಟ್ಟು ಮೂರು ತಿಂಗಳಾಯಿತು, ಬಿಸಿಲು ಚುರುಕಾಗಿದೆ. ಆದರೂ ಪುತ್ತೂರು, ಬೆಳ್ತಂಗಡಿ, ಸುಳ್ಯ ಕಡೆಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ಹತ್ತು ನಿಮಿಷ ನಿಂತರೆ ಒಂದು ಮಾತು ಕೇಳಿಯೇ ಕೇಳುತ್ತದೆ. "ಕಾರ್ ಶೆಡ್ಡಿನ ಗೋಡೆ ಇನ್ನೂ ಒಣಗ್ಲಿಲ್ಲ ಮಾರಾಯ್ರೆ, ಒಳ್ಳೆ ವಾಟರ್‌ಪ್ರೂಫ್ ಎಂತ ಉಂಟು?" ಅಂಗಡಿಯವರು ಡಬ್ಬಿ ಇಳಿಸುತ್ತಾರೆ, ಬಂದವರು ಹಣ ಕೊಟ್ಟು ಹೋಗುತ್ತಾರೆ. ಮುಂದಿನ ಆಟಿಯಲ್ಲಿ ಅದೇ ಗೋಡೆಯಲ್ಲಿ ಪೇಂಟ್ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಇದರಲ್ಲಿ ಅಂಗಡಿಯವರ ತಪ್ಪಿಲ್ಲ, ಕೇಳಿದ್ದನ್ನು ಅವರು ಕೊಟ್ಟಿದ್ದಾರೆ. ತಪ್ಪಿದ್ದು ಪ್ರಶ್ನೆ. ಯಾವ ಪೇಂಟ್ ಎಂದು ಕೇಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಯಾರೂ ನೋಡಲಿಲ್ಲ.

ಈ ವರ್ಷ ಈ ಮಾತು ಹೆಚ್ಚು ಕೇಳಲು ಕಾರಣ ಉಂಟು. 2025ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪು ಕಲ್ಲು ಮತ್ತು ಮರಳಿನ ತತ್ವಾರ ಎಲ್ಲರಿಗೂ ನೆನಪಿದೆ. ಪರವಾನಿಗೆ ಇಲ್ಲದ ಕೋರೆಗಳ ಮೇಲೆ ಕ್ರಮ ಬಿಗಿಯಾಯಿತು, ಲಾರಿಗಳು ನಿಂತವು, ಮೇಸ್ತ್ರಿಗಳಿಗೆ ಕೆಲಸ ಇಲ್ಲದಾಯಿತು, ಕಾರ್ಮಿಕರು ಬೀದಿಗಿಳಿದರು. ಬಳಿಕ ಸರಕಾರ ನಿಯಮ ಸಡಿಲಿಸಿತು ಎನ್ನುವುದು ಬೇರೆ ಮಾತು. ಆದರೆ ಅರ್ಧ ಕಟ್ಟಿದ ಕೆಲಸ ಇಟ್ಟುಕೊಂಡು ಯಾರು ಕಾಯುತ್ತಾರೆ? ಮನೆಗಲ್ಲದಿದ್ದರೂ ಕಾರ್ ಶೆಡ್, ಗೋದಾಮು, ಅಂಗಡಿಯ ಹಿಂದಿನ ಕೋಣೆ, ಬೈಕ್ ರಿಪೇರಿಯ ಗ್ಯಾರೇಜು, ಇಂಥವಕ್ಕೆಲ್ಲ ಸಿಮೆಂಟ್ ಬ್ಲಾಕ್ ಬಂತು. ಬ್ಲಾಕ್ ಮೊದಲೂ ಇತ್ತು, ಈಗ ಎಲ್ಲ ಕಡೆ ಆಯಿತು. ಸಾಲದ್ದಕ್ಕೆ ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಪತ್ತನಾಜೆಯ ಹೊತ್ತಿಗೆ ನಮ್ಮಲ್ಲೂ ಸುರಿಯಿತು. ಸಾರಣೆ ಆಗದ ಗೋಡೆಗಳು ಇಡೀ ಮಳೆಗಾಲ ಬೆತ್ತಲೆಯಾಗಿ ನಿಂತವು. ಈಗ ನಾವು ನೋಡುತ್ತಿರುವುದು ಅದರ ಫಲ.

ಬ್ಲಾಕ್ ಕೆಟ್ಟದ್ದು, ಕೆಂಪು ಕಲ್ಲು ಒಳ್ಳೆಯದು ಎಂದು ಹೇಳುವ ಉದ್ದೇಶ ಇಲ್ಲ. ಕೆಂಪು ಕಲ್ಲೂ ನೀರು ಕುಡಿಯುತ್ತದೆ, ಅದರ ಮೈಯೆಲ್ಲ ತೂತು. ಹಿಂದಿನವರ ಗೋಡೆ ಉಳಿದದ್ದು ಕಲ್ಲಿನ ಗುಣದಿಂದ ಮಾತ್ರ ಅಲ್ಲ, ಗೋಡೆಗೆ ಮಳೆ ತಾಗದ ಹಾಗೆ ಅವರು ನೋಡಿಕೊಂಡದ್ದರಿಂದ. ಹಂಚಿನ ಮಾಡು ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಬರುತ್ತಿತ್ತು. ಸುತ್ತ ಜಗಲಿ. ಎರಚಲು ಹೊಡೆಯುವ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನಾವೀಗ ಶೀಟನ್ನು ಗೋಡೆಗೆ ಸಮ ಕತ್ತರಿಸಿ, ದಂಬೆ ಇಡದೆ, ಹೊರಮೈಗೆ ಸಾರಣೆ ಮಾಡದೆ ಬಿಟ್ಟು, ಒಳಗೆ ಮಾತ್ರ ಚಂದ ಬಣ್ಣ ಹಚ್ಚಿ ಗೋಡೆಗೆ ಶೀತ ಆಯ್ತು ಅನ್ನುತ್ತೇವೆ.

ಬ್ಲಾಕಿನ ಒಳಗೆ ಏನಾಗುತ್ತದೆ

ಸಿಮೆಂಟ್, ಬೇಬಿ ಜಲ್ಲಿ, ಜಲ್ಲಿ ಹುಡಿ ಸೇರಿಸಿ ಯಂತ್ರದಲ್ಲಿ ಒತ್ತಿ ತೆಗೆಯುವುದು ಬ್ಲಾಕ್. ಮಿಶ್ರಣ ಒಣ ಒಣ ಇರುವುದರಿಂದ ಜಲ್ಲಿಯ ನಡುವೆ ಸಣ್ಣ ಸಣ್ಣ ಖಾಲಿ ಜಾಗ ಉಳಿಯುತ್ತದೆ. ಸಿಮೆಂಟ್ ಉಳಿಸಿದಷ್ಟೂ ಆ ಜಾಗ ಹೆಚ್ಚು. ಭಾರತೀಯ ಮಾನಕ ಐಎಸ್ 2185 ಪ್ರಕಾರ ಬ್ಲಾಕ್ ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಹೀರಬಾರದು, 14 ದಿನ ಕ್ಯೂರಿಂಗ್ ಆಗಿರಬೇಕು. ನಮ್ಮ ಕಡೆ ಸೋಮವಾರ ಒತ್ತಿದ ಬ್ಲಾಕ್ ಶನಿವಾರ ಗೋಡೆ ಏರಿದ್ದೂ ಉಂಟು. ಹಸಿ ಬ್ಲಾಕ್ ಗೋಡೆಯಲ್ಲೇ ಒಣಗುತ್ತಾ ಕುಗ್ಗುತ್ತದೆ. ಕುಗ್ಗಿದಾಗ ಸಂದಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಎರಚಲಿಗೆ ಅಷ್ಟೇ ಸಾಕು.

ಪರೀಕ್ಷೆ ಮಾಡಲು ಲ್ಯಾಬ್ ಬೇಡ, ಅಂಗಡಿಯ ತಕ್ಕಡಿ ಸಾಕು. ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. 20 ಕಿಲೋ ಇದ್ದದ್ದು 22 ದಾಟಿದರೆ ಆ ಲೋಡು ಬೇಡ ಎನ್ನಿ. ಲೋಡು ಇಳಿಸುವ ಮೊದಲು ಒಂದೆರಡು ಬ್ಲಾಕ್ ತಂದು ಹೀಗೆ ನೋಡಿದವರನ್ನು ನಾನು ಇದುವರೆಗೆ ಒಬ್ಬರನ್ನೂ ಕಂಡಿಲ್ಲ. ನಾನೂ ನೋಡಿದವನಲ್ಲ.

ಆದರೆ ನೀರು ಹೆಚ್ಚಾಗಿ ಬರುವುದು ಬ್ಲಾಕಿನೊಳಗಿಂದ ಅಲ್ಲ, ಎರಡು ಬ್ಲಾಕಿನ ನಡುವಿನ ಸಂದಿನಿಂದ. ಮೇಸ್ತ್ರಿ ಅಡ್ಡ ಸಂದಿಗೆ ಗಾರೆ ಹಾಕುತ್ತಾನೆ, ಹಾಕದೆ ಬ್ಲಾಕ್ ಕೂರುವುದಿಲ್ಲ. ನೇರ ಸಂದಿಗೆ ಮಾತ್ರ ಹೊರಗಿಂದ ಒಂದು ಗೀರು ಎಳೆದು ಬಿಡುವುದು ಅಭ್ಯಾಸ. ಒಳಗೆ ಟೊಳ್ಳು. ಟೊಳ್ಳು ಬ್ಲಾಕ್ ಆದರಂತೂ ನುಗ್ಗಿದ ನೀರು ಒಳಗಿನ ತೂತಿನಲ್ಲಿ ಇಳಿದು ಕೆಳಗಿನ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ಮಳೆ ನಿಂತು ವಾರ ಆದ ಮೇಲೂ ಕೆಳಗಿನ ಎರಡು ಸಾಲು ಒದ್ದೆಯಾಗಿರುವುದು ಹೀಗೆ. ಜನ ಅದನ್ನು ನೆಲದಿಂದ ಏರಿದ ಪಸೆ ಎಂದು ತಿಳಿಯುತ್ತಾರೆ. ಬಂದದ್ದು ಮೇಲಿನಿಂದ.

ಎಲ್ಲಿಂದ ಬರುತ್ತದೆ ಎಂದು ಹೇಗೆ ತಿಳಿಯುವುದು

ಗೋಡೆಯ ಮೇಲೆ ಕಲೆ ಹೇಗಿದೆ ಎಂಬುದರಲ್ಲೇ ಅರ್ಧ ಉತ್ತರ ಇದೆ. ಗೋಡೆ ಉದ್ದಕ್ಕೂ ಒಂದೇ ಎತ್ತರದಲ್ಲಿ ಗೆರೆ ಎಳೆದ ಹಾಗೆ ಕಲೆ ಇದ್ದು, ಗೆರೆಯ ಮೇಲಂಚಿನಲ್ಲಿ ಬಿಳಿ ಉಪ್ಪಿನ ಹುಡಿ ಕೂತಿದ್ದರೆ ನೀರು ಪಂಚಾಂಗದಿಂದ ಏರುತ್ತಿದೆ. ಹಾಗೆ ಏರುವ ನೀರು ಸಾಮಾನ್ಯವಾಗಿ ಒಂದು ಮೀಟರ್ ದಾಟುವುದಿಲ್ಲ. ಕಲೆ ಅಲ್ಲಲ್ಲಿ ತೇಪೆಯ ಹಾಗಿದ್ದು, ಮಳೆ ಹೊಡೆಯುವ ಪಡುವಣ ಬದಿಯ ಗೋಡೆಯಲ್ಲೇ ಹೆಚ್ಚಿದ್ದರೆ ಎರಚಲು. ಶೀಟಿನ ಅಡಿಯಿಂದ ಇಳಿದ ಕಲೆ ಆದರೆ ಮಾಡಿನ ತೊಂದರೆ, ಗೋಡೆಯದಲ್ಲ. ನಾಲ್ಕೈದು ಅಡಿ ಎತ್ತರದವರೆಗೆ ಗೋಡೆಯೇ ಕಪ್ಪಾಗಿ ನಿಂತಿದ್ದರೆ, ಅದರ ಹಿಂದೆ ಮಣ್ಣು ಇದೆಯೋ ನೋಡಿ. ಆ ವಿಷಯ ಮುಂದೆ ಹೇಳುತ್ತೇನೆ, ಅದು ಬೇರೆಯೇ ಕತೆ.

ಇನ್ನೊಂದು ಉಂಟು, ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಗೋಡೆ ಬೆವರುವುದು. ಮಳೆಯಲ್ಲಿ ನೆನೆದ ಕಾರನ್ನು ಒಳಗೆ ನುಗ್ಗಿಸಿ ಶಟರ್ ಎಳೆದುಬಿಟ್ಟರೆ ಆ ನೀರು ಹೋಗುವುದೆಲ್ಲಿಗೆ? ಗಾಳಿಗೆ ಸೇರಿ, ತಣ್ಣಗಿರುವ ಗೋಡೆಗೆ ಕೂರುತ್ತದೆ. ಇದನ್ನು ಕಂಡುಹಿಡಿಯುವ ಉಪಾಯ ಸುಲಭ. ಅಡುಗೆ ಮನೆಯ ಅಲ್ಯೂಮಿನಿಯಂ ಹಾಳೆ ಒಂದು ಅಡಿ ಚೌಕ ಕತ್ತರಿಸಿ, ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈಯಲ್ಲಿ ಹನಿ ಇದ್ದರೆ ಅದು ಗಾಳಿಯ ಪಸೆ, ಮೇಲೆ ಕೆಳಗೆ ಎರಡು ಕಿಂಡಿ ಬಿಟ್ಟರೆ ಮುಗಿಯಿತು. ಹಾಳೆ ತೆಗೆದಾಗ ಹಿಂದೆ ಒದ್ದೆ ಇದ್ದರೆ ನೀರು ಗೋಡೆಯ ಒಳಗಿಂದಲೇ ಬರುತ್ತಿದೆ. ಈ ಪರೀಕ್ಷೆ ಮಳೆಗಾಲದಲ್ಲಿ ಮಾಡಿದರೆ ಚೆಂದ. ಈಗ ಮಾಡಿದರೂ ಬೇಸಗೆಯಲ್ಲೂ ಒಸರುವ ಗೋಡೆ ಯಾವುದೆಂದು ಗೊತ್ತಾಗುತ್ತದೆ, ಅದು ಗೊತ್ತಾಗುವುದೂ ಮುಖ್ಯವೇ.

ಮಾಡಿನ ನೀರಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 4,000 ಮಿ.ಮೀ. ಹತ್ತಿರ. 10 ಅಡಿಗೆ 20 ಅಡಿಯ ಒಂದು ಕಾರ್ ಶೆಡ್ಡಿನ ಮಾಡು ಸುಮಾರು 18 ಚದರ ಮೀಟರ್. ಅಂದರೆ ವರ್ಷಕ್ಕೆ 72 ಸಾವಿರ ಲೀಟರ್, ಆರು ಟ್ಯಾಂಕರ್ ನೀರು. ದಂಬೆ ಇಲ್ಲದಿದ್ದರೆ ಅಷ್ಟೂ ಗೋಡೆಯ ಬುಡಕ್ಕೇ ಬೀಳುತ್ತದೆ. ಬಿದ್ದು ಅರ್ಧ ಗೋಡೆಗೆ ಸಿಡಿಯುತ್ತದೆ, ಅರ್ಧ ಪಂಚಾಂಗಕ್ಕೆ ಇಳಿಯುತ್ತದೆ. ಶೀಟನ್ನು ಒಂದೂವರೆ ಎರಡು ಅಡಿ ಹೊರಗೆ ಚಾಚಿ, ಪಿವಿಸಿ ದಂಬೆ ಕೂರಿಸಿ, ಪೈಪಿನಲ್ಲಿ ನೀರು ದೂರ ಬಿಡುವ ಕೆಲಸಕ್ಕೆ ಆಗುವ ಖರ್ಚು ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸುವ ಖರ್ಚಿನ ಹತ್ತಿರ ಹತ್ತಿರ. ನನ್ನ ಶೆಡ್ಡಿಗೆ ನಾನು ಎರಡು ಸಲ ಪೇಂಟ್ ಹೊಡೆಸಿ, ಮೂರನೇ ವರ್ಷ ದಂಬೆ ಇಡಿಸಿದೆ. ಬುದ್ಧಿ ಬಂದ ಕ್ರಮ ತಲೆಕೆಳಗು.

ನೆಲದ ಎತ್ತರದ ಮಾತು, ರಸ್ತೆಯ ಮಾತು

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮನೆಯ ಪಂಚಾಂಗ ಸುತ್ತಲಿನ ನೆಲಕ್ಕಿಂತ 450 ಮಿ.ಮೀ. ಮೇಲಿರಬೇಕು ಎಂದಿದೆ. ಗ್ಯಾರೇಜು, ಮುಚ್ಚಿದ ಪಾರ್ಕಿಂಗ್ ಜಾಗಕ್ಕೆ ಕನಿಷ್ಠ 150 ಮಿ.ಮೀ., ಅಂದರೆ ಅರ್ಧ ಅಡಿ. ಜೊತೆಗೆ ನೀರು ಹರಿದು ಹೋಗುವ ವ್ಯವಸ್ಥೆ. ಕಾರು ಹತ್ತಬೇಕಲ್ಲ ಎಂದು ಆ ಅರ್ಧ ಅಡಿಯನ್ನೂ ಬಿಟ್ಟುಬಿಡುವವರೇ ಜಾಸ್ತಿ. ಪಂಚಾಂಗದ ಮೇಲೆ, ಮೊದಲ ಸಾಲು ಬ್ಲಾಕ್ ಇಡುವ ಮೊದಲು, ಪಸೆ ತಡೆಯುವ ಕಾಂಕ್ರೀಟ್ ಪದರ ಒಂದೂವರೆ ಎರಡು ಇಂಚು ಹಾಕಬೇಕು. "ಮನೆಗೆ ಹಾಕಿದ್ದೇವಲ್ಲ, ಶೆಡ್ಡಿಗೆ ಯಾಕೆ?" ಎನ್ನುವುದು ಗುತ್ತಿಗೆದಾರರ ಉತ್ತರ. ಹೊಸದಾಗಿ ಕಟ್ಟುವವರು ಇದೊಂದರಲ್ಲಿ ರಾಜಿ ಆಗಬೇಡಿ. ಆಮೇಲೆ ಹಾಕಲು ಆಗುವುದಿಲ್ಲ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬುವ ವಿಧಾನ ಉಂಟು, ಆದರೆ ಸಂದಿ ಟೊಳ್ಳಾಗಿರುವ ಬ್ಲಾಕ್ ಗೋಡೆಯಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂದು ಹಾಕಿದವನಿಗೂ ಗೊತ್ತಾಗುವುದಿಲ್ಲ.

ಅರ್ಧ ಅಡಿ ಎತ್ತರ ಬಿಟ್ಟು ಕಟ್ಟಿದವರೂ ಈಗ ಸಿಕ್ಕಿಬಿದ್ದಿದ್ದಾರೆ. ಪೇಟೆ ಬದಿಯ ಅಂಗಡಿಯವರಿಗೆ ಇದು ಹೇಳಬೇಕಾದ್ದೇ ಇಲ್ಲ. ಹಳೆ ಡಾಮರಿನ ಮೇಲೆ ಹೊಸ ಡಾಮರು, ಅದರ ಮೇಲೆ ಕಾಂಕ್ರೀಟ್. ಪ್ರತೀ ಸಲ ರಸ್ತೆ ನಾಲ್ಕು ಇಂಚು, ಆರು ಇಂಚು ಏರುತ್ತದೆ. ಅಂಗಡಿ ಅಲ್ಲೇ ಇರುತ್ತದೆ. ಹದಿನೈದು ವರ್ಷದ ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಅಂಗಡಿಗೆ ಈಗ ಇಳಿದು ಹೋಗಬೇಕು. ಚರಂಡಿಯ ಅಂಚು ಅಂಗಡಿಯ ನೆಲಕ್ಕಿಂತ ಮೇಲೆ ಆದ ಮೇಲೆ ಚರಂಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗೋಡೆಯ ಬುಡ ವರ್ಷಕ್ಕೆ ಐದು ತಿಂಗಳು ನೀರಲ್ಲೇ ನಿಂತಿರುತ್ತದೆ. ಇಂಥ ಕಡೆ ಅಂಗಡಿಯವರು ಒಬ್ಬೊಬ್ಬರೇ ಪೇಂಟ್ ಹೊಡೆಸುವುದರಲ್ಲಿ ಅರ್ಥ ಇಲ್ಲ. ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯುವ ಯಂತ್ರಗಳಿವೆ, ಹೆದ್ದಾರಿಯಲ್ಲಿ ಅವನ್ನು ಬಳಸುತ್ತಾರೆ. ಪೇಟೆಯ ಒಳ ರಸ್ತೆಗೂ ಅದನ್ನೇ ಕೇಳಬೇಕು. ಕೇಳಬೇಕಾದ್ದು ರಸ್ತೆ ಆದ ಮೇಲಲ್ಲ. ಅಂದಾಜು ಪಟ್ಟಿ ಮಾಡುವಾಗಲೇ ರಸ್ತೆಯ ಮುಗಿದ ಎತ್ತರ ಎಷ್ಟು, ಚರಂಡಿಯ ತಳ ಎಷ್ಟು ಎಂದು ವರ್ತಕರ ಸಂಘದಿಂದ ಲಿಖಿತವಾಗಿ ಕೇಳಿದರೆ ಆ ಎರಡು ಅಂಕಿಯಾದರೂ ದಾಖಲೆಯಲ್ಲಿ ಉಳಿಯುತ್ತದೆ.

ಒಳಗಿಂದ ಹಚ್ಚಿದ ಪೇಂಟ್ ಯಾಕೆ ನಿಲ್ಲುವುದಿಲ್ಲ? ಡಬ್ಬಿಯ ಮೇಲೆ ಬರೆದದ್ದು ಸುಳ್ಳಲ್ಲ. ಅದು ಮುಂದಿನಿಂದ ಬರುವ ನೀರನ್ನು ತಡೆಯಲು ಮಾಡಿದ್ದು. ಹೊರಮೈಗೆ ಹಚ್ಚಿದರೆ ಮಳೆ ಅದನ್ನು ಗೋಡೆಗೆ ಒತ್ತುತ್ತದೆ. ಒಳಮೈಗೆ ಹಚ್ಚಿದರೆ ಹಿಂದಿನಿಂದ ಬಂದ ನೀರು ಅದನ್ನು ಗೋಡೆಯಿಂದ ದೂಡುತ್ತದೆ. ನೀರಿನ ಜೊತೆ ಬಂದ ಉಪ್ಪು ಪೇಂಟಿನ ಹಿಂದೆ ಹರಳುಗಟ್ಟಿ ಸಾರಣೆಯನ್ನೇ ಎಬ್ಬಿಸುತ್ತದೆ. ಮೊದಲು ಕಲೆ ಮಾತ್ರ ಇದ್ದ ಗೋಡೆ ಎರಡು ಸಲ ಪೇಂಟ್ ಆದ ಮೇಲೆ ಉದುರಲು ಶುರುವಾಗುವುದು ಇದರಿಂದ. ಗಾಳಿಯಾಡುವ ಸುಣ್ಣ ಹೊಡೆದರೆ ಕಲೆ ಕಾಣುತ್ತದೆ ನಿಜ, ಆದರೆ ಗೋಡೆ ಒಣಗುತ್ತದೆ. ನನ್ನ ಅಭಿಪ್ರಾಯದಲ್ಲಿ ಶೆಡ್ಡಿನ ಒಳಗೋಡೆಗೆ ಸುಣ್ಣವೇ ಸಾಕು. ಕಾರಿಗೆ ಚಂದ ಬಣ್ಣದ ಗೋಡೆ ಎಂತಕ್ಕೆ?

ಧರೆಗೆ ತಾಗಿದ ಗೋಡೆ ಬೇರೆ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದು ದುಡ್ಡಿನ ವಿಷಯ. ಇನ್ನು ಹೇಳುವುದು ಜೀವದ ವಿಷಯ.

ನಮ್ಮದು ಗುಡ್ಡದ ಊರು. ಮನೆಯ ಹಿಂದೆಯೋ ಪಕ್ಕದಲ್ಲೋ ಧರೆ. ಕಾರು ಬಂದಾಗ ಜಾಗ ಬೇಕು, ಜೆಸಿಬಿ ತರಿಸಿ ಧರೆಯನ್ನು ಹತ್ತು ಅಡಿ ಒಳಗೆ ಕತ್ತರಿಸುತ್ತೇವೆ. ನೇರ ನಿಂತ ಮಣ್ಣಿಗೆ ತಾಗಿಸಿ ಆರು ಇಂಚಿನ ಬ್ಲಾಕ್ ಗೋಡೆ ಕಟ್ಟುತ್ತೇವೆ. ಗೋಡೆಗೂ ಮಣ್ಣಿಗೂ ನಡುವೆ ಉಳಿದ ಸಂದಿಗೆ ಅದೇ ಸಡಿಲ ಮಣ್ಣನ್ನು ತುಂಬಿಸುತ್ತೇವೆ. ಮೇಲೆ ಶೀಟ್ ಹಾಕಿದರೆ ಶೆಡ್ ಆಯ್ತು. ತಾಲೂಕಿನ ಯಾವ ರಸ್ತೆಯಲ್ಲಿ ಹೋದರೂ ಇಂಥ ಹತ್ತು ಶೆಡ್ ಲೆಕ್ಕ ಹಾಕಬಹುದು.

ಆ ಗೋಡೆ ಈಗ ಶೆಡ್ಡಿನ ಗೋಡೆ ಅಲ್ಲ. ಗುಡ್ಡವನ್ನು ಹಿಡಿದಿಟ್ಟ ತಡೆಗೋಡೆ. ಅದನ್ನು ಯಾರೂ ತಡೆಗೋಡೆ ಎಂದು ಕಟ್ಟಲಿಲ್ಲ. ಕಬ್ಬಿಣ ಇಲ್ಲ, ಬುಡ ಅಗಲ ಇಲ್ಲ, ನೀರು ಹೋಗಲು ತೂತು ಇಲ್ಲ. ಅಂಥ ಗೋಡೆ ಒದ್ದೆ ಆಯಿತೆಂದರೆ ಗೋಡೆಯ ಹಿಂದೆ ನೀರು ನಿಂತಿದೆ ಎಂದೇ ಅರ್ಥ.

ನಿಂತ ನೀರಿನ ಭಾರ ಎಷ್ಟು ಎಂಬುದನ್ನು ಹೆಚ್ಚಿನವರು ಊಹಿಸುವುದಿಲ್ಲ. ಗೋಡೆಯ ಹಿಂದೆ 3 ಅಡಿ ನೀರು ನಿಂತರೆ, ಒಂದು ಮೀಟರ್ ಉದ್ದದ ಗೋಡೆಯ ಮೇಲೆ ಬೀಳುವ ಒತ್ತಡ ಸುಮಾರು 400 ಕಿಲೋ. 6 ಅಡಿ ನಿಂತರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟು, 1,600 ಕಿಲೋ ದಾಟುತ್ತದೆ. ಇದು ನೀರಿನದ್ದು ಮಾತ್ರ, ನೆನೆದ ಮಣ್ಣಿನ ಒತ್ತಡ ಬೇರೆ. ಇಪ್ಪತ್ತು ಅಡಿ ಉದ್ದದ ಗೋಡೆ ಅಂದರೆ ಆರು ಮೀಟರ್. ಲೆಕ್ಕ ನೀವೇ ಹಾಕಿ. ಆ ಗೋಡೆಯ ಈಚೆ ಬದಿಯಲ್ಲಿ ವಾಟರ್‌ಪ್ರೂಫ್ ಪೇಂಟ್ ಬಳಿದು ಒಸರುವುದನ್ನು ನಿಲ್ಲಿಸುವುದು ಅಂದರೆ, ನೀರು ಹೊರಹೋಗುತ್ತಿದ್ದ ಸಣ್ಣ ದಾರಿಯನ್ನೂ ಮುಚ್ಚಲು ಹೋದ ಹಾಗೆ. ಒಸರುವ ಗೋಡೆಗಿಂತ ಒಸರದೆ ನೀರು ಹೊತ್ತು ನಿಂತ ಗೋಡೆ ಹೆಚ್ಚು ಅಪಾಯ.

ಹೆದರಿಸಲು ಹೇಳುವುದಲ್ಲ. 2024ರ ಜೂನ್ 26ರ ಬೆಳಗಿನ ಜಾವ ಉಳ್ಳಾಲ ತಾಲೂಕಿನ ಕುತ್ತಾರು ಮದನಿನಗರದಲ್ಲಿ ಭಾರೀ ಮಳೆಗೆ ಪಕ್ಕದ ಮನೆಯ ಆವರಣ ಗೋಡೆ ಕೆಳಗಿನ ಮನೆಯ ಮೇಲೆ ಬಿದ್ದು ಒಂದೇ ಕುಟುಂಬದ ನಾಲ್ವರು ಸತ್ತರು. ಮರು ವರ್ಷ ಮೇ 30ರಂದು ಅದೇ ತಾಲೂಕಿನ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಮನೆ ನೆಲಸಮವಾಗಿ ಮಕ್ಕಳೂ ಸೇರಿ ಮೂವರು ಜೀವ ಕಳೆದುಕೊಂಡರು. ಇವು ಕಾರ್ ಶೆಡ್ಡುಗಳಲ್ಲ. ಆದರೆ ಮಣ್ಣು, ನೀರು, ಗೋಡೆ, ಇಳಿಜಾರು ಇಷ್ಟೂ ಸೇರಿದ ಕಡೆ ಏನಾಗುತ್ತದೆ ಎಂದು ನಮ್ಮ ಜಿಲ್ಲೆಗೆ ಬೇರೆ ಉದಾಹರಣೆ ಬೇಕಾಗಿಲ್ಲ.

ಹಾಗಾದರೆ ಏನು ನೋಡಬೇಕು? ಗೋಡೆಯ ನಡು ಎತ್ತರದಲ್ಲಿ ಉದ್ದಕ್ಕೆ ಅಡ್ಡ ಬಿರುಕು. ನೂಲು ಹಿಡಿದು ನೋಡಿದರೆ ಹೊಟ್ಟೆ ಬಂದ ಗೋಡೆ. ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬಿರುಕು. ಒಸರುವ ನೀರು ತಿಳಿಯಾಗಿದ್ದದ್ದು ಒಮ್ಮೆಗೇ ಕೆಂಪು ಕೆಸರಾಗುವುದು. ಧರೆಯ ಮೇಲ್ಭಾಗದಲ್ಲಿ ನೆಲ ಬಿರಿಯುವುದು, ಮೇಲಿನ ಮರ, ಕಂಬ ವಾಲುವುದು. ಇವುಗಳಲ್ಲಿ ಒಂದು ಕಂಡರೂ ಕಾರನ್ನು ಹೊರಗೆ ನಿಲ್ಲಿಸಿ. ಶೆಡ್ಡಿಗೆ ತಾಗಿದ ಕೋಣೆಯಲ್ಲಿ ಯಾರೂ ಮಲಗಬಾರದು, ಕೆಲಸದವರನ್ನಂತೂ ಅಲ್ಲಿ ಮಲಗಿಸಲೇಬಾರದು. ಮಳೆಗಾಲದಲ್ಲಿ ಕಂಡರೆ ಪಂಚಾಯತ್‌ಗೆ ತಿಳಿಸಿ, ಜಿಲ್ಲಾ ವಿಪತ್ತು ನಿರ್ವಹಣೆಯ 1077ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ನೀವೇ ಗುದ್ದಲಿ ಹಿಡಿದು ಗೋಡೆಯ ಹಿಂದೆ ಅಗೆಯಲು ಹೋಗಬೇಡಿ.

ಬೇಸಗೆಯಲ್ಲಿ ಮಾಡಬಹುದಾದ ಕೆಲಸ ಉಂಟು, ಅದು ನಮ್ಮವರಿಗೆ ಹೊಸತೇನಲ್ಲ. ಅಡಿಕೆ ತೋಟದಲ್ಲಿ ನೀರು ಉಜಿರಿದರೆ ಯಾರೂ ಮರದ ಬುಡಕ್ಕೆ ಪೇಂಟ್ ಹಚ್ಚುವುದಿಲ್ಲ, ಉಜಿರುಕಣಿ ಕಡಿದು ನೀರನ್ನು ತೋಡಿಗೆ ಬಿಡುತ್ತಾರೆ. ಗೋಡೆಗೂ ಅದೇ. ಮೊದಲನೆಯದು ಧರೆಯ ನೆತ್ತಿಯಲ್ಲಿ ಒಂದು ಕಣಿ. ಮೇಲಿನಿಂದ ಹರಿದು ಬರುವ ನೀರು ಧರೆಗೆ ಇಳಿಯುವ ಮೊದಲೇ ಬದಿಗೆ ತಿರುಗಬೇಕು. ಈ ಕಣಿಯಲ್ಲಿ ನೀರು ಇಂಗದ ಹಾಗೆ ಸಿಮೆಂಟ್ ಅಥವಾ ದಪ್ಪ ಶೀಟ್ ಹಾಸಬೇಕು, ಇಲ್ಲದಿದ್ದರೆ ನೀರನ್ನು ನಾವೇ ಗುಡ್ಡಕ್ಕೆ ಕುಡಿಸಿದ ಹಾಗಾಗುತ್ತದೆ. ಎರಡನೆಯದು ಗೋಡೆಯ ಹಿಂಬದಿಯ ಬುಡದಲ್ಲಿ. ಅಲ್ಲಿ ತುಂಬಿಸಿದ ಸಡಿಲ ಮಣ್ಣು ತೆಗೆದು, ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪ್ ಇಟ್ಟು, 100ಕ್ಕೆ 1ರ ಇಳಿಜಾರು ಕೊಟ್ಟು, ಮೇಲೆ ಜಲ್ಲಿ ತುಂಬಿಸಬೇಕು. ಮಣ್ಣು ನುಗ್ಗಿ ಪೈಪ್ ಕಟ್ಟಿಹೋಗದ ಹಾಗೆ ಸುತ್ತಲೂ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಬೇಕು. ಪೈಪಿನ ಬಾಯಿ ತಗ್ಗಿಗೆ ತೆರೆದಿರಬೇಕು. ಹೊರಬಾಯಿಯೇ ಇಲ್ಲದ ಪೈಪ್ ಹಾಕಿಸಿಕೊಂಡವರನ್ನೂ ಕಂಡಿದ್ದೇನೆ. ಅಗೆಯುವುದನ್ನು ಒಮ್ಮೆಗೇ ಉದ್ದಕ್ಕೆ ಮಾಡಬಾರದು, ನಾಲ್ಕೈದು ಅಡಿ ಅಗೆದು ತುಂಬಿಸಿ ಮುಂದೆ ಹೋಗಬೇಕು. ಪಂಚಾಂಗದ ತಳಕ್ಕಿಂತ ಕೆಳಗೆ ಇಳಿಯಲೇಬಾರದು. ಮಣ್ಣು ಮೂರು ನಾಲ್ಕು ಅಡಿಗಿಂತ ಎತ್ತರ ಗೋಡೆಗೆ ತಾಗಿದ್ದರೆ ಇದು ಮೇಸ್ತ್ರಿಯ ಕೆಲಸವೂ ಅಲ್ಲ, ಪತ್ರಕರ್ತನ ಸಲಹೆಯ ಕೆಲಸವೂ ಅಲ್ಲ. ಸಿವಿಲ್ ಎಂಜಿನಿಯರ್ ಒಬ್ಬರು ಬಂದು ನೋಡಬೇಕು. ಅವರು ಆ ಗೋಡೆ ತೆಗೆದು ಕಾಂಕ್ರೀಟ್ ಅಥವಾ ಕಗ್ಗಲ್ಲಿನ ತಡೆಗೋಡೆ ಕಟ್ಟಿ, ಶೆಡ್ಡಿನ ಗೋಡೆಯನ್ನು ಅದರಿಂದ ಎರಡು ಅಡಿ ಈಚೆಗೆ ತನ್ನಿ ಎನ್ನಬಹುದು. ಜಾಗ ಹೋಗುತ್ತದೆ, ಹೋಗಲಿ.

ಒಂದು ಪ್ರಶ್ನೆ ಆಡಳಿತದ ಕಡೆಗೂ ಇದೆ. ಮನೆ ಕಟ್ಟಲು ಪರವಾನಿಗೆ ಕೇಳುವಾಗ ನಕ್ಷೆಯಲ್ಲಿ ಬದಿಯಲ್ಲಿ ಎಷ್ಟು ಜಾಗ ಬಿಟ್ಟಿದ್ದೀರಿ ಎಂದು ಅಳೆಯುತ್ತಾರೆ. ಎರಡು ವರ್ಷ ಬಿಟ್ಟು ಜೆಸಿಬಿ ಬಂದು ಧರೆ ಕತ್ತರಿಸಿ ಶೆಡ್ ಏಳುವಾಗ ಅಳೆಯುವವರು ಇಲ್ಲ. ಜೆಸಿಬಿಯವರಿಗೂ ಗಂಟೆ ಲೆಕ್ಕದ ಬಾಡಿಗೆ, ಕೋನದ ಲೆಕ್ಕ ಅಲ್ಲ. ಪ್ರತೀ ಮಳೆಗಾಲಕ್ಕೆ ಮೊದಲು ಅಪಾಯದ ಜಾಗ ಗುರುತಿಸುವ ಸಭೆ ನಡೆಯುತ್ತದೆ. ಆ ಪಟ್ಟಿಯಲ್ಲಿ ರಸ್ತೆ, ಸೇತುವೆ, ಶಾಲೆ, ಮನೆ ಇರುತ್ತವೆ. ಮನೆಯ ಹಿಂದಿನ ಶೆಡ್ ಅದರಲ್ಲಿ ಬರಬೇಕಾದರೆ ಗ್ರಾಮಸಭೆಯಲ್ಲಿ ನಾವೇ ಎದ್ದು ಹೇಳಬೇಕು. ಪಕ್ಕದವರ ಧರೆ ನಮ್ಮ ತಲೆಯ ಮೇಲಿದ್ದರಂತೂ ಜಗಳ ಆದೀತೆಂದು ಸುಮ್ಮನಿರುವ ಹಾಗಿಲ್ಲ.

ಇನ್ನು ಧರೆ ಇಲ್ಲದ, ಬಯಲಲ್ಲಿ ನಿಂತ ಮಾಮೂಲಿ ಶೆಡ್ಡಿಗೆ ಬರೋಣ. ದಂಬೆ ಇಟ್ಟು, ಬುಡದ ಮಣ್ಣು ಕೆರೆದು ನೆಲವನ್ನು ಗೋಡೆಯಿಂದ ಹೊರಕ್ಕೆ ಇಳಿಜಾರು ಮಾಡಿದ ಮೇಲೆ ಹೊರಮೈಯ ಸರದಿ. ಟೊಳ್ಳು ಸಂದಿಗಳನ್ನು ಕೆರೆದು ಗಾರೆ ತುಂಬಿಸಿ, ಕಾಂಕ್ರೀಟ್ ಕಂಬಕ್ಕೆ ಬ್ಲಾಕ್ ಸೇರುವಲ್ಲಿ ಕೋಳಿಬಲೆ ಹೊಡೆದು, ಎರಡು ಕೋಟಿನಲ್ಲಿ ಮುಕ್ಕಾಲು ಇಂಚಿನ ಸಾರಣೆ. ವಾಟರ್‌ಪ್ರೂಫ್ ದ್ರಾವಣವನ್ನು ಈ ಗಾರೆಗೆ ಬೆರೆಸಿ, ಡಬ್ಬಿಯಲ್ಲಿ ಹೇಳಿದ ಅಳತೆಯಷ್ಟೇ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಾರ ಪೂರ್ತಿ ನೀರು ಹಾಕಿ. ಈ ಸುಡು ಬಿಸಿಲಿಗೆ ನೀರು ಹಾಕದೆ ಬಿಟ್ಟ ಸಾರಣೆ ಹತ್ತೇ ದಿನದಲ್ಲಿ ಬಿರಿಯುತ್ತದೆ.

ಬಾಡಿಗೆ ಅಂಗಡಿ, ಬಾಡಿಗೆ ಗೋದಾಮಿನವರಿಗೆ ಹೊರಮೈ ಮುಟ್ಟುವ ಅಧಿಕಾರ ಇಲ್ಲ, ಮಾಲಕರು ಮಾಡಿಸುವುದಿಲ್ಲ. ಅಂಥವರು ಸ್ಟಾಕನ್ನಾದರೂ ಉಳಿಸಿಕೊಳ್ಳಿ. ಗೋಡೆಗೆ ತಾಗಿಸಿ ಏನೂ ಇಡಬೇಡಿ, ನಾಲ್ಕು ಇಂಚು ಬಿಟ್ಟರೆ ಗಾಳಿ ಆಡುತ್ತದೆ. ನೆಲದ ಮೇಲೆ ಮರದ ಹಲಗೆ ಇಟ್ಟು ಅದರ ಮೇಲೆ ಚೀಲ. ಸಿಮೆಂಟ್, ರಸಗೊಬ್ಬರ, ಪಶು ಆಹಾರ ಮಾರುವವರಿಗೆ ಇದು ಗೊತ್ತು, ಬಟ್ಟೆ, ಪುಸ್ತಕ, ಎಲೆಕ್ಟ್ರಾನಿಕ್ಸ್‌ನವರು ಒಮ್ಮೆ ನಷ್ಟ ಮಾಡಿಕೊಂಡ ಮೇಲೆ ಕಲಿಯುತ್ತಾರೆ.

ಮತ್ತೊಂದು, ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇರಬಾರದು. ಈಗ ಎಲೆಕ್ಟ್ರಿಕ್ ಸ್ಕೂಟರ್ ಬಂದ ಮೇಲೆ ಚಾರ್ಜಿಂಗ್ ಪಾಯಿಂಟನ್ನು ಶೆಡ್ಡಿನ ಗೋಡೆಗೇ ಕೊಡುತ್ತಾರೆ, ರಾತ್ರಿ ಪೂರ್ತಿ ಕರೆಂಟ್ ಹರಿಯುತ್ತದೆ, ಬೆಳಿಗ್ಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಪ್ಲಗ್ ಎಳೆಯುತ್ತೇವೆ. ಆ ಪಾಯಿಂಟನ್ನು ಒಣ ಗೋಡೆಗೆ ಬದಲಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿ ಉಂಟಾ ನೋಡಿಸಿ. ಈ ಇಡೀ ಪಟ್ಟಿಯಲ್ಲಿ ನಾಳೆಯೇ ಆಗಬೇಕಾದ ಕೆಲಸ ಅಂತ ಇದ್ದರೆ ಇದು.

ಉಳಿದದ್ದಕ್ಕೆ ಸಮಯ ಉಂಟು, ಆದರೆ ಜಾಸ್ತಿ ಇಲ್ಲ. ನೀರು ಬರುವ ದಾರಿ ಮುಚ್ಚಿದ ಮೇಲೂ ಗೋಡೆ ಕೂಡಲೇ ಒಣಗುವುದಿಲ್ಲ. ದಪ್ಪದ ಒಂದು ಇಂಚಿಗೆ ಒಂದು ತಿಂಗಳು ಎಂಬುದು ಕಟ್ಟಡದವರ ಹಳೆಯ ಅಂದಾಜು. ಆರು ಇಂಚಿನ ಗೋಡೆ ಎರಡೂ ಬದಿಯಿಂದ ಒಣಗಿದರೂ ಮೂರು ತಿಂಗಳು ಹಿಡಿಯುತ್ತದೆ. ಒಣಗುವ ಮೊದಲು ಮುಖಕ್ಕೆ ಪೇಂಟ್ ಬಳಿದರೆ ಮತ್ತೆ ಹಳೆ ಕತೆಯೇ. ದಂಬೆ ಮತ್ತು ಕಣಿ ಈ ತಿಂಗಳು ಆದರೆ, ಹಳೆ ಪೇಂಟ್ ಕೆರೆದು ಶಟರ್ ತೆರೆದಿಟ್ಟರೆ, ಏಪ್ರಿಲ್ ಕೊನೆಗೆ ಅಲ್ಯೂಮಿನಿಯಂ ಹಾಳೆ ಇನ್ನೊಮ್ಮೆ ಅಂಟಿಸಿ ನೋಡಬಹುದು. ಹಾಳೆಯ ಹಿಂದೆ ಒಣಗಿದ್ದರೆ ಪತ್ತನಾಜೆಯೊಳಗೆ ಸುಣ್ಣ ಹೊಡೆಸಿ. ಆಗಲೂ ಒದ್ದೆ ಇದ್ದರೆ ಸುಣ್ಣ ಬೇಡ, ಮೇಸ್ತ್ರಿಯನ್ನಲ್ಲ, ಎಂಜಿನಿಯರನ್ನು ಕರೆಯಿರಿ.